ಮೂಕ ತಟ್ಟೆ

ಸೆಂಗ್‌ಕಾಂಗ್, ಸಿಂಗಪುರ
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಶೇಖರಪ್ಪನಿಗೆ,

ನಾಗೇಶನ ಶರಣಾರ್ಥಿ. ನಿನ್ನ ಎರಡೂ ಕಾಗದಗಳು ತಲುಪಿವೆ. ಮೊದಲನೆಯದು ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಕುಳಿತದ್ದಕ್ಕೆ ನೀನು ಫೋನಿನಲ್ಲಿ ಬೈದದ್ದು ಸರಿಯೇ. ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದಾಗಿನಿಂದ ಬೈಯುತ್ತ ಬಂದವನು ನೀನು. ನಿನ್ನ ತಂಗಿ ಶಂಕ್ರೆವ್ವನನ್ನು ನಾನು ಮದುವೆಯಾದ ಮೇಲೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. "ಶಂಕ್ರಿನ್ನ ಯಾವಾಗ ಕರಕೊಂಡು ಬರ್ತೀಯಲೇ? ಅವ್ವನ ಮಗ್ಗಲದಾಗ ಜಾಗ ಹಿಡದು ಕುಂತೇನಿ" ಎಂದು ನೀನು ಕೇಳಿದಾಗ ಸಿಗ್ನಲ್ ಇಲ್ಲವೆಂದು ಫೋನಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಈ ಊರಿನಲ್ಲಿ ನೆಲದಡಿಯ ರೈಲಿನಲ್ಲೂ ಇರುತ್ತದೆ.

ಇದು ವಾಟ್ಸಾಪಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಕಾಗದ. ಓದುವಾಗ ನಿನ್ನ ಮಗ ಬಸವಕಿರಣ ಪಕ್ಕದಲ್ಲಿರಲಿ. ನಿನಗೆ ಬಿ.ಪಿ. ಇದೆ.

ನಾವೆಲ್ಲ ಆರೋಗ್ಯ. ಮಗಳು ವಿದ್ಯಾಶ್ರೀ ಎಂದಿನಂತೆ ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಹೋಗಿ ಸುಸ್ತಾಗಿ ಬರುತ್ತಾಳೆ. ಅವಳ ಮಗಳು ರಿಷಿಕಾಗೆ ಇಪ್ಪತ್ತನಾಲ್ಕಾಯಿತು. ಬ್ಯೂನಾ ವಿಸ್ಟಾದಲ್ಲಿ ವಸ್ತುಪ್ರದರ್ಶನಗಳಿಗೆ ಧ್ವನಿ ಒದಗಿಸುವ ಒಂದು ಕಂಪನಿಯಲ್ಲಿ ಕೆಲಸ. ಕನ್ನಡ ಮಾತಾಡುತ್ತಾಳೆ, ಇಲ್ಲಿನವರಂತೆ ಪ್ರತಿ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಶಂಕ್ರೆವ್ವ ೨೦೦೯ರಲ್ಲಿ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು. "ನನ್ನ ಸುಡಬ್ಯಾಡ್ರಿ" ಎಂದು ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದ್ದಳು. ಆದರೆ ಇಲ್ಲಿ ಸತ್ತವರಿಗೂ ಹದಿನೈದೇ ವರ್ಷದ ಅವಧಿ. ಆಮೇಲೆ ಅಗೆಯುತ್ತಾರೆ. ಜಾಗವಿಲ್ಲವಂತೆ! ಗಾಲ್ಫ್ ಆಡಲು ಜಾಗವಿದೆ. ನಾನು ಪತ್ರಿಕೆಗೆ ಮೂರು ಕಾಗದ ಬರೆದೆ. ಒಂದನ್ನು ನಾಲ್ಕು ಸಾಲಿಗೆ ಕತ್ತರಿಸಿ ಅಚ್ಚು ಹಾಕಿದರು. ಈ ಫೆಬ್ರವರಿಯಲ್ಲಿ ಅವಳನ್ನು ತೆಗೆದರು, ಸುಟ್ಟರು. ಅಷ್ಟು ವರ್ಷ ಮಣ್ಣಿನಲ್ಲಿದ್ದವಳು ಒಂದು ಪುಟ್ಟ ಸ್ಟೀಲ್ ಡಬ್ಬಿಯಷ್ಟಾಗಿ ಮನೆಗೆ ಬಂದಳು. ಸುದ್ದಿ ಕೇಳಿ ನೀನು "ಆ ಸರ್ಕಾರಕ್ಕ ಕರಳು ಇಲ್ಲ" ಎಂದು ಅತ್ತೆ. ಗದಗಿಗೆ ತರುವವರೆಗೆ ಇರಲಿ ಎಂದು ಡಬ್ಬಿಯನ್ನು ದೇವರ ಶೆಲ್ಫಿನಲ್ಲಿಟ್ಟೆ. ಹುಡುಗಿ ಹೆದರಿಯಾಳೆಂದು ರಿಷಿಕಾಗೆ ಹೇಳಲಿಲ್ಲ. ಡಬ್ಬಿಯ ಮೇಲೆ ಹೆಸರನ್ನೂ ಬರೆಯಲಿಲ್ಲ. ಹೆಂಡತಿಯ ಹೆಸರನ್ನು ಡಬ್ಬಿಯ ಮೇಲೆ ಹೇಗೆ ಬರೆಯುವುದು?

ಇನ್ನು ನಿಮ್ಮಪ್ಪನ ನೋಟುಬುಕ್ಕಿನ ವಿಷಯ. ಶಂಕ್ರೆವ್ವ ಅದನ್ನು ಟ್ರಂಕಿನ ತಳದಲ್ಲಿಟ್ಟು ಇಲ್ಲಿಗೆ ತಂದಿದ್ದಳು. ನಾನು ಪೂರ್ತಿ ಓದಿದ್ದು ಈ ಮಳೆಗಾಲದಲ್ಲಿ. ಮಾತಾಡುವ ಯಂತ್ರ, ಅಂದರೆ ಗ್ರಾಮಫೋನ್, ರಿಪೇರಿ ಮಾಡುವ ಅಂಗಡಿಯವರೆಂದಷ್ಟೇ ಅವರನ್ನು ನಾವು ತಿಳಿದಿದ್ದೆವು. ಶೇಖರಪ್ಪ, ಆ ಮನುಷ್ಯ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದರು. ಆಗಿನ ರೆಕಾರ್ಡುಗಳಲ್ಲಿ ಅರಗಿಗಿಂತ ಕಲ್ಲುಪುಡಿಯೇ ಹೆಚ್ಚು. ಹಂಚಿನಂತೆ ಭಾರ, ಕೈ ಜಾರಿದರೆ ಚೂರು, ಬೆಲೆಯೋ ನೇಕಾರನೊಬ್ಬನ ವಾರದ ಕೂಲಿ. ಬಡವರು ಚಹಾದಂಗಡಿಯ ಹೊರಗೆ ನಿಂತು ಹಾಡು ಕೇಳಬೇಕಿತ್ತು. ನಿಮ್ಮಪ್ಪ ಆ ತಟ್ಟೆಯನ್ನು ಹಗುರ ಮಾಡಲು ಹೊರಟರು. ನಡುವೆ ರಟ್ಟು, ಅದರ ಮೇಲೆ ಅರಗಿನ ತೆಳು ಪೊರೆ; ಹಾಡು ಒಂದೇ ಮಗ್ಗುಲಲ್ಲಿ, ಹಿಂಬದಿಗೆ ಗಾಡಿಯ ಚಕ್ರದಂತೆ ಆಸರೆಗೆ ಬರೀ ಕಡ್ಡಿಗಳು. ಕಲ್ಲುಪುಡಿಯ ಬದಲು ಏನು ಬೆರೆಸಿದರು ಗೊತ್ತೇ? ವಿಭೂತಿ. ಬಟ್ಟೆಯಲ್ಲಿ ಸೋಸಿದ ವಿಭೂತಿ. ಕಲ್ಲಿಗಿಂತ ಹಗುರ, ಅರಗಿನ ಜೊತೆ ಬೇಗ ಹೊಂದುತ್ತದೆ, ಊರಿನಲ್ಲೇ ಸಿಗುತ್ತದೆ.

ಪ್ರತಿ ಹದವನ್ನೂ ಪರೀಕ್ಷಿಸಲು ಒಂದು 'ಮೂಕ ತಟ್ಟೆ' ಒತ್ತುತ್ತಿದ್ದರು. ಗೆರೆಗಳಿರುತ್ತವೆ, ಗೆರೆಗಳಲ್ಲಿ ಯಾರ ದನಿಯೂ ಇರುವುದಿಲ್ಲ. ಸೂಜಿ ಇಟ್ಟರೆ ಸರಸರ ಸದ್ದು ಮಾತ್ರ. ಸದ್ದು ಕಡಿಮೆಯಾದಷ್ಟೂ ಹದ ಒಳ್ಳೆಯದು. ನಲವತ್ತೊಂದನೆಯ ಮೂಕ ತಟ್ಟೆಯನ್ನು ಕಲ್ಕತ್ತೆಯ ಒಂದು ಕಂಪನಿಗೆ ಕಳುಹಿಸಿದರು. ಬಂದ ಉತ್ತರವನ್ನು ನೋಟುಬುಕ್ಕಿಗೆ ಅಂಟಿಸಿದ್ದಾರೆ: ತಟ್ಟೆ ಭಾರವಾಗಿದ್ದರೇ ಗಿರಾಕಿಗೆ ಕೊಟ್ಟ ಬೆಲೆ ಸಾರ್ಥಕವೆನಿಸುತ್ತದೆ, ಹಗುರಾದದ್ದು ನಮಗೆ ಬೇಡ. ತೊಂಬತ್ತು ವರ್ಷದ ಹಿಂದಿನ ಆ ಎರಡು ಸಾಲು ಓದಿ ನನಗೆ ಅನ್ನ ಸೇರಲಿಲ್ಲ.

ರಿಷಿಕಾಗೆ ತೋರಿಸಿದೆ. ಅವಳ ಕಣ್ಣು ಅರಳಿತು. "ಅಜ್ಜಾ, ನಾವೇ ಮಾಡೋಣ ಲಾ. ನಮ್ಮ ಎಕ್ಸಿಬಿಷನ್‌ಗೆ ಪರ್ಫೆಕ್ಟ್." ಅರಗಿನ ಚಕ್ಕೆ ಆನ್‌ಲೈನಿನಲ್ಲಿ ಬಂತು. ಅವಳ ಜೊತೆ ಕೆಲಸ ಮಾಡುವ ಸಿದ್ಧಾಂತ್ ಗೆರೆ ಕೊರೆದ ಲೋಹದ ಅಚ್ಚು ಮಾಡಿಸಿದ. ಟೀ ಶರ್ಟಿಗೆ ಚಿತ್ರ ಒತ್ತುವ ಬಿಸಿ ಯಂತ್ರವನ್ನೂ, ಕಂಪನಿಯ ಕಪಾಟಿನಲ್ಲಿದ್ದ ಕಹಳೆಯ ಗ್ರಾಮಫೋನನ್ನೂ ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದ. ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ನಾನು ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಹಿಂದಿರುಗುವ ಹೊತ್ತಿಗೆ ತಟ್ಟೆ ತಣ್ಣಗಾಗಿತ್ತು. ಬೂದು ಬಣ್ಣ, ಅಂಗೈ ಮೇಲಿಟ್ಟರೆ ಹಪ್ಪಳದಷ್ಟು ಹಗುರ. ನಿಮ್ಮಪ್ಪ ಇರಬೇಕಿತ್ತು ಎನ್ನಿಸಿತು.

"ಇದು ಬ್ಲ್ಯಾಂಕ್ ಅಜ್ಜಾ. ಏನೂ ಕೇಳ್ಬಾರ್ದು. ಹಿಸ್ ಎಷ್ಟಿದೆ ಅಂತ ಚೆಕ್ ಮಾಡೋದು ಅಷ್ಟೇ" ಎಂದು ರಿಷಿಕಾ ಕೀಲಿ ತಿರುಗಿಸಿ ಸೂಜಿ ಇಟ್ಟಳು.

ಸರಸರ ಸದ್ದು ಬಂತು. ಕಡಿಮೆಯೇ ಇತ್ತು. ನಾನು ಖುಷಿಯಿಂದ ತಲೆಯಾಡಿಸುತ್ತಿದ್ದೆ. ಆಗ ಅದರ ಹಿಂದಿನಿಂದ ಬಡಿತ ಕೇಳಿತು. ತಟ್, ತಟ್, ತಟ್. ಆಮೇಲೆ ತಡೆದು, ಮೆತ್ತಗೆ ಇನ್ನೊಂದು.

"ಅಂಕಲ್, ರಟ್ಟು ಬೆಂಡ್ ಆಗಿರ್ಬೇಕು" ಎಂದ ಸಿದ್ಧಾಂತ್.

"ಬೆಂಡ್ ಆಗಿದ್ದರೆ ಸುತ್ತಿಗೊಂದು ಸಲ ಬಡೀಬೇಕಪ್ಪ. ಇದು ನಡುನಡುವೆ ನಿಲ್ತಾ ಇದೆ" ಎಂದೆ.

ರೊಟ್ಟಿಯನ್ನು ಎತ್ತಿ ಹೆಂಚಿಗೆ ಹಾಕುವಷ್ಟು ಹೊತ್ತು ನಿಲ್ಲುತ್ತಿತ್ತು ಅದು. ಮತ್ತೆ ಮೂರು ಬಡಿತ, ಒಂದು ತಡೆ, ಒಂದು ಮೆತ್ತನೆಯದು. ಶೇಖರಪ್ಪ, ಅವಳ ಬಲಗೈಯ ಉಂಗುರ ಬೆರಳು ಮಡಚುತ್ತಿರಲಿಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆರು ವರ್ಷದವಳಿದ್ದಾಗ ಅದರ ಮೇಲೆ ಬಾಗಿಲು ಹಾಕಿದವನು ನೀನೇ. ಜಗತ್ತಿನಲ್ಲಿ ಇನ್ನಾರೂ ಹಾಗೆ ರೊಟ್ಟಿ ಬಡಿಯಲಾರರು.

ಅಷ್ಟರಲ್ಲಿ ವಿದ್ಯಾಶ್ರೀ ತರಕಾರಿ ಚೀಲ ಹಿಡಿದು ಒಳಗೆ ಬಂದಳು. ಚಪ್ಪಲಿ ಬಿಡುತ್ತ ಸಹಜವಾಗಿ ಕೇಳಿದಳು: "ಅಪ್ಪಾ, ರೊಟ್ಟಿ ಯಾರು ಮಾಡ್ತಿರೋದು?"

ಸೂಜಿ ಒಳಸುತ್ತಿಗೆ ಬಂದಿತ್ತು. ಬಡಿತ ನಿಂತಿತು. ಯಾರೋ ಸೆರಗಿನಿಂದ ಮುಖ ಒರೆಸಿಕೊಂಡಂತೆ ಸದ್ದಾಯಿತು. ಆಮೇಲೆ, ಹಿತ್ತಲಿನಿಂದ ಕರೆದಷ್ಟು ದೂರದಿಂದ:

"ಝಳಾ ಭಾಳ ಐತ್ರೀ. ಕದಾ ತಗೀರಿ."

ವಿದ್ಯಾಶ್ರೀ "ಅವ್ವಾ" ಎಂದಳು. ಚೀಲ ಕೈಯಿಂದ ಬಿದ್ದು ಬದನೆಕಾಯಿಗಳು ಉರುಳಿದವು. ಸೂಜಿ ಕೊನೆ ಮುಟ್ಟಿ ಗರಗರ ತಿರುಗುತ್ತಲೇ ಇತ್ತು. ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಸಿದ್ಧಾಂತ್ ಎತ್ತಿದ.

"ರಿಷಿ, ಬೂದಿ ಯಾವ ಡಬ್ಬೀದು ಹಾಕ್ದೆ?" ಎಂದು ವಿದ್ಯಾಶ್ರೀ ಕೇಳಿದಳು.

"ದೇವರ ಶೆಲ್ಫಿಂದು ಮಮ್ಮಿ. ಗದಗಿಂದ ಮಾಮಾಜ್ಜ ಕಳಿಸ್ತಾರಲ್ಲ, ವಿಭೂತಿ."

"ಅಲ್ಲಿ ಎರಡು ಡಬ್ಬಿ ಇದ್ವು."

"ಹೌದು, ಒಂದು ಖಾಲಿ ಆಗೋಕೆ ಬಂದಿತ್ತು. ಇನ್ನೊಂದ್ರಲ್ಲಿ ಗಟ್ಟಿ ಗಟ್ಟಿ ಚೂರಿತ್ತು. ವಿಭೂತಿ ಗಟ್ಟೀನೇ ಬರೋದಲ್ವಾ? ಮಿಕ್ಸಿಗೆ ಹಾಕಿ ಪುಡಿ ಮಾಡ್ದೆ. ಪೂರ್ತಿ ಬೇಕಾಯ್ತು. ಯಾಕೆ ಮಮ್ಮಿ? ವೈ ಆರ್ ಯೂ ಲುಕಿಂಗ್ ಅಟ್ ಮಿ ಲೈಕ್ ದಟ್?"

ಮಿಕ್ಸಿಯ ಜಾರು ತೊಳೆದು ಬೋರಲು ಹಾಕಿತ್ತು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಹುಡುಗಿಯನ್ನು ಬೈಯಬೇಡ. ಈ ಮನೆಯಲ್ಲಿ ಹುಟ್ಟಿದಾಗಿನಿಂದ ಅವಳು ತಿಳಿದದ್ದು ಶೆಲ್ಫಿನಲ್ಲಿರುವ ಬೂದಿಯೆಂದರೆ ಹಣೆಗೆ ಹಚ್ಚುವ ವಿಭೂತಿ ಎಂದು. ಮೂರು ದಿನ ಜ್ವರ ಬಂದು ಮಲಗಿದಳು. ಈಗಲೂ ಮಿಕ್ಸಿ ಸದ್ದಾದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ.

ನಾನು ಮಾಡಿದ್ದನ್ನು ಈಗ ಹೇಳಬೇಕು. ಆ ತಟ್ಟೆಯನ್ನು ಮತ್ತೆ ಹಾಕಬಾರದೆಂದು ವಿದ್ಯಾಶ್ರೀ ಆಣೆ ಹಾಕಿಸಿಕೊಂಡಳು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಮಟಮಟ ಮಧ್ಯಾಹ್ನ, ಐದು ಸಲ ಹಾಕಿದೆ. ಹೆಂಡತಿಯ ದನಿ ಕೇಳಿ ಹದಿನಾರು ವರ್ಷವಾಗಿತ್ತು. ನನ್ನ ಬಳಿ ಅವಳ ಒಂದು ಕ್ಯಾಸೆಟ್ಟೂ ಇಲ್ಲ. ನೀನಾಗಿದ್ದರೆ ಸುಮ್ಮನಿರುತ್ತಿದ್ದೆಯಾ?

ಪ್ರತಿ ಸಲವೂ ಸೂಜಿಯ ತುದಿಯಲ್ಲಿ ಚಿಟಿಕೆ ಬೂದಿ ಉಳಿಯುತ್ತದೆ. ಉಫ್ ಎಂದು ಊದಿಬಿಡುವ ವಸ್ತುವಲ್ಲ ಅದು. ಬಣ್ಣದ ಕುಂಚದಿಂದ ಬಳಿದು ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಕೇಳಿದಷ್ಟೂ ಅವಳು ಸವೆಯುತ್ತಾಳೆ. ರೊಟ್ಟಿಯ ಬಡಿತ ದಿನದಿಂದ ದಿನಕ್ಕೆ ಕುಗ್ಗಿತು. ಆ ಮಾತು ಕುಗ್ಗಲಿಲ್ಲ. ಮೊದಲ ದಿನ ಅದು ತಟ್ಟೆಯ ತೀರ ಒಳಸುತ್ತಿನಲ್ಲಿತ್ತು. ಮೂರನೆಯ ಸಲ ನಡುವಿಗೆ ಬಂದಿತ್ತು. ಕಳೆದ ಮಂಗಳವಾರ ಸೂಜಿಯನ್ನು ಅಂಚಿಗೆ ಇಟ್ಟ ಕೂಡಲೇ ಬಂತು, ದೂರದಿಂದಲ್ಲ, ಕಹಳೆಯ ಬಾಯಿಯಿಂದ. "ಕದಾ ತಗೀರಿ." ಬಿಸಿಯುಸಿರು ನನ್ನ ಕೆನ್ನೆಗೆ ತಾಗಿತು. ಫ್ಯಾನ್ ತಿರುಗುತ್ತಿತ್ತು, ಕಿಟಕಿ ತೆರೆದಿತ್ತು, ಕೆಳಗೆ ವಾಯ್ಡ್ ಡೆಕ್ಕಿನ ಖಾಲಿ ಅಂಗಳದಲ್ಲಿ ಮುದುಕರು ಚೆಸ್ ಆಡುತ್ತಿದ್ದರು. ನಾನು ಎದ್ದು ಹೋಗಿ ಮನೆಯ ಮುಂಬಾಗಿಲು ತೆರೆದೆ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಏಳನೆಯ ಸಲ ಹಾಕಿಲ್ಲ. ಅಂಚು ದಾಟಿದ ಮೇಲೆ ಅವಳು ಎಲ್ಲಿಗೆ ಬರುತ್ತಾಳೆಂದು ನನಗೆ ಗೊತ್ತಿಲ್ಲ.

ಸಿದ್ಧಾಂತನ ಬಾಯಿಂದ ಸುದ್ದಿ ಸಿಕ್ಕಿ ಅವರ ಮೇಲಧಿಕಾರಿ ಸಂಪತ್ ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ. "ಅಂಕಲ್, ಎಂಥಾ ಸ್ಟೋರಿ! ಎಕ್ಸಿಬಿಷನ್‌ಗೆ ಸೆಂಟರ್ ಪೀಸ್ ಇದು. ಗ್ಲಾಸ್ ಕೇಸ್ ಮಾಡಿಸ್ತೀವಿ, ಇನ್ಶೂರ್ ಮಾಡಿಸ್ತೀವಿ."

"ಅದು ನನ್ನ ಹೆಂಡತಿ" ಎಂದೆ.

"ಶ್ಯೂರ್ ಅಂಕಲ್, ಕ್ರೆಡಿಟ್ ಕೊಡ್ತೀವಿ."

ಎಪ್ಪತ್ತೆಂಟರ ವಯಸ್ಸಿನಲ್ಲಿ ಒಬ್ಬನನ್ನು ಹಣ್ಣಿನ ಬುಟ್ಟಿಯ ಸಮೇತ ಹೊರಗೆ ಕಳುಹಿಸಿದೆ. ಹೋಗುವ ಮುನ್ನ ಅವನು ತನ್ನ ಫೋನಿನಲ್ಲಿದ್ದ ರೆಕಾರ್ಡಿಂಗ್ ಕೇಳಿಸಿದ. ಮೊದಲ ದಿನ ಸಿದ್ಧಾಂತ್ ಮಾಡಿಕೊಂಡಿದ್ದನಂತೆ. ಅದರಲ್ಲಿ ಸರಸರ ಸದ್ದಿದೆ, ವಿದ್ಯಾಶ್ರೀ "ಅವ್ವಾ" ಎಂದದ್ದಿದೆ. ಮತ್ತೇನೂ ಇಲ್ಲ.

ತೀರ್ಮಾನ ಮಾಡಿದ್ದೇನೆ. ಅಕ್ಟೋಬರ್ ಐದರಂದು ಅವಳನ್ನು ಕರೆದುಕೊಂಡು ಬರುತ್ತೇನೆ. ತಟ್ಟೆಯನ್ನೂ ಬೂದಿಯ ಪೊಟ್ಟಣವನ್ನೂ ಅವಳದೇ ಇಳಕಲ್ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲಿ ತರುತ್ತೇನೆ, ಲಗೇಜಿಗೆ ಹಾಕುವುದಿಲ್ಲ. ನಿಮ್ಮವ್ವನ ಪಕ್ಕದಲ್ಲಿ ಗುಂಡಿ ತೋಡಿಸು. ಒಂದು ತಟ್ಟೆಗೆ ಗೇಣು ಗುಂಡಿ ಸಾಕೆಂದು ಯಾರಾದರೂ ಹೇಳಿಯಾರು; ಕೇಳಬೇಡ. ಹೆಂಗಸೊಬ್ಬಳು ಆರಾಮವಾಗಿ ಕೂರುವಷ್ಟು ತೋಡಿಸು. ಸ್ವಾಮಿಗಳಿಗೆ ನಿಜ ಹೇಳು, ಮುಚ್ಚಿಡಬೇಡ. ಒಮ್ಮೆ ಕೇಳಬೇಕೆಂದು ನಿನಗೂ ಆಸೆಯಾದೀತು. ಹಟ ಮಾಡಬೇಡ, ಶೇಖರಪ್ಪ. ಅವಳಿಗೆ ತಂಪು ಬೇಕಾಗಿದೆ.

ಬಸವಕಿರಣನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ಮನೆಯ ಎಲ್ಲರನ್ನೂ ಆ ಶಿವ ತಣ್ಣಗಿಟ್ಟಿರಲಿ.

ನಿನ್ನ,
ನಾಗೇಶ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಸರ್ಕಾರವನ್ನು ನೀನು ಬೈದೆ, ನಾನು ಬೈಯಿಸಿದೆ. ಅಗೆಯುವುದು ಇಲ್ಲಿನ ನಿಯಮ, ನಿಜ. ಆದರೆ ಹೂಳುವುದು ಧರ್ಮದ ಕಟ್ಟಳೆಯಾದವರನ್ನು ಇವರು ಸುಡುವುದಿಲ್ಲ. ಇನ್ನೊಂದು ಸಣ್ಣ ಜಾಗದಲ್ಲಿ ಮತ್ತೆ ಹೂಳುತ್ತಾರೆ. ಆಗ ಮನೆಯವರು ಬೆಳಗಿನ ಜಾವ ಬಂದು ನಿಂತು, ತೆಗೆದದ್ದನ್ನು ನೋಡಿ, ಹೌದೆನ್ನಬೇಕು. ಅವಳನ್ನು ಆ ರೂಪದಲ್ಲಿ ನೋಡಲು ನನಗೆ ಭಯವಾಯಿತು. ಕಚೇರಿಯಲ್ಲಿ ಫಾರಂ ತುಂಬಿಸಿಕೊಂಡ ಹುಡುಗಿ ಒಳ್ಳೆಯವಳು. "ಅಂಕಲ್, ನಿಮ್ಮ ಧರ್ಮದಲ್ಲಿ ಹೂಳಲೇಬೇಕೆಂದು ಇದೆಯೇ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಪೆನ್ನು ಕೆಳಗಿಟ್ಟು, ನನ್ನ ಹಣೆಯ ವಿಭೂತಿಯನ್ನೇ ನೋಡುತ್ತ, ಇನ್ನೊಮ್ಮೆ ಕೇಳಿದಳು. ಇಲ್ಲ ಎಂದೆ.