ಫಾಲೋ ಅಂದರೆ ಏನು, ಮಿಸ್?

ಜೂನ್ 9, ಸೋಮವಾರ

ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಇವತ್ತು ‘ಫಾಲೋ’. ಬೋರ್ಡಿನ ಮೇಲೆ ಬರೆದೆ — ಹಿಂದೆ ಹೋಗು. ಹೇಳಿದಂತೆ ನಡೆ. ಅರ್ಥ ಮಾಡಿಕೊ. ಬಟ್ಟೆ ಅಂಗಡಿಯ ಭವ್ಯ ಕೈ ಎತ್ತಿದಳು.

“ಮಿಸ್, ನನ್ನ ರೀಲ್ಸ್ ನೋಡಿ ಒಂಬೈನೂರು ಜನ ಫಾಲೋ ಮಾಡ್ತವ್ರೆ. ಅದು ಯಾವ ಅರ್ಥ?”

ಎಲ್ಲರೂ ನಕ್ಕರು. ನಾನೂ.

ವಾಪಸ್ ಬರುವಾಗ ಬಸ್ಸಿನ ಹಿಂದೆ ಒಂದು ಕಪ್ಪು ಬೈಕು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಅದೂ ನಿಂತಿತು. ಅವನಿಗೂ ಏನೋ ಕೆಲಸವಿತ್ತೇನೋ…

ಜೂನ್ 11

ಮತ್ತೆ ಅದೇ ಬೈಕು. ಈ ಸಲ ನಮ್ಮ ಬೀದಿಯ ತಿರುವಿನವರೆಗೂ. ಹೆಲ್ಮೆಟ್ ತೆಗೆಯಲಿಲ್ಲ. ಒಳಗೆ ಬಂದು ಚಿಲಕ ಹಾಕಿದೆ.

ಅವ್ವ ಕಾಳು ಬಿಡಿಸುತ್ತಿದ್ದಳು. “ರಸ್ತೆ ಅಂದ್ಮೇಲೆ ಬೈಕ್ ಓಡಾಡಲ್ವಾ? ಸುಮ್ನಿರು ಕಣಮ್ಮಿ.” ಮಾತು ಬದಲಿಸಿದಳು — ಸಂತೆಮರಹಳ್ಳಿಯ ಸಂಬಂಧ. ಹೋದ ತಿಂಗಳು ನೋಡಿ ಹೋದ ಸುಧಾಕರ್. ಒಳ್ಳೆ ಜನವಂತೆ.

ಜೂನ್ 13

ಪಾಠದ ಮಧ್ಯೆ “ಡು ಯು ಫಾಲೋ?” ಅಂತ ಕೇಳಿ ತಲೆ ಎತ್ತಿದೆ. ಕಿಟಕಿಯಾಚೆ, ಟೀ ಅಂಗಡಿ ಮುಂದೆ, ಕಪ್ಪು ಬೈಕಿಗೆ ಒರಗಿ — ಅವನು. ಹೆಲ್ಮೆಟ್ ಇಲ್ಲ. ನನ್ನನ್ನೇ ನೋಡುತ್ತಿದ್ದ. ಎರಡು ಸಲ ಹಿಂದೆ ಬಂದವನು ಇವನೇ ಅಂತ ಭವ್ಯಳಿಗೆ ಹೇಳಿದೆ.

ಅವಳು ಮೆಲ್ಲಗೆ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದಳು. “ಸ್ಟೇಷನ್‌ಗೆ ಹೋಗನ ಬನ್ನಿ ಮಿಸ್.” ಮೊದಲು ಮನೆಯಲ್ಲಿ ತೋರಿಸುತ್ತೇನೆ ಅಂದೆ.

ಸಂಜೆ 7

ತೋರಿಸಿದೆ. ಅವ್ವ ಫೋನನ್ನು ತಕ್ಷಣ ವಾಪಸ್ ಕೊಟ್ಟಳು.

“ಅವ್ನು ಕಳ್ಳ ಅಲ್ಲ ಕಣಮ್ಮಿ. ದೇವರಾಜು ಅಂತ. ಸುಧಾಕರನ ಕಡೆಯೋನು.”

“ನಿಂಗೆ ಹೆಂಗ್ ಗೊತ್ತು?”

“ಹುಡ್ಗಿ ಎಲ್ಲೆಲ್ಲಿ ಓಯ್ತಳೆ, ಯಾರ್ ಜೊತೆ ಮಾತಾಡ್ತಳೆ, ವಸಿ ದಿನ ನೋಡ್ತೀವಿ ಅಂದ್ರು. ನೋಡ್ಕಳಿ ಅಂದೆ. ನಿಂದೇನ್ ತಪ್ಪದೆ, ಎದ್ರಕೊಳಕ್ಕೆ?”

ಬೈಕಿಗಿಂತ ಇದಕ್ಕೇ ಹೆಚ್ಚು ಹೆದರಿದೆ.

ಜೂನ್ 17

ಮೂರು ದಿನ ಬರೆಯಲಾಗಲಿಲ್ಲ. ಕ್ಲಾಸಿಗೂ ಹೋಗಲಿಲ್ಲ. ಇವತ್ತು ಸುಧಾಕರನದೇ ಫೋನ್.

“ಇನ್‌ಸ್ಟಾದಲ್ಲಿ ಫಾಲೋ ಮಾಡ್ದೆ. ನೀವು ಫಾಲೋ ಬ್ಯಾಕೇ ಮಾಡ್ಲಿಲ್ಲ?” ನಗು. “ಶುಕ್ರವಾರದ ಹಳದಿ ಚೂಡಿದಾರ್ ಚೆನ್ನಾಗಿತ್ತು.”

ಶುಕ್ರವಾರ ಅವನು ನನ್ನನ್ನು ನೋಡಿಯೇ ಇಲ್ಲ.

“ಈ ಸಂಬಂಧ ಬೇಡ” ಅಂದೆ. ಅವನು ಮೆಲ್ಲಗೆ — “ನಿಮ್ಮ ಬಸ್ಸು ಎಷ್ಟೊತ್ತಿಗೆ ಅಂತ ನಂಗೊತ್ತು.”

ಅಪ್ಪನಿಗೆ ಇದೊಂದೂ ತಿಳಿದಿರಲಿಲ್ಲ. ಎಲ್ಲ ಹೇಳಿದೆ. ಅವ್ವನ ಕಡೆ ಒಮ್ಮೆ ನೋಡಿದರು.

ಜೂನ್ 18

ಅಪ್ಪ ಬೆಳಿಗ್ಗೆಯೇ ಸಂತೆಮರಹಳ್ಳಿಗೆ ಹೊರಟರು. ಮಧ್ಯಾಹ್ನವಾದರೂ ಫೋನ್ ಲಿಫ್ಟ್ ಮಾಡಲಿಲ್ಲ. ಅಲ್ಲಿ ಏನಾದರೂ ಆಯಿತೋ… ಅವ್ವನೂ ನಾನೂ ಬಾಗಿಲಲ್ಲೇ ಕೂತಿದ್ದೆವು.

ಸಂಜೆ ಬಂದರು. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಯಾಕೆಂದು ಹೇಳಲಿಲ್ಲ. “ಮುಗೀತು ಕಣವ್ವ. ಇನ್ ಅವ್ರ ಸುದ್ದಿ ಬ್ಯಾಡ.”

ಅತ್ತುಬಿಟ್ಟೆ. ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಬಂತು. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು.

“ನಾಳಿಂದ ನಾನೂ ಬಸ್ಸಲ್ಲಿ ಬತ್ತೀನಿ. ಹಿಂದಿನ ಸೀಟಲ್ಲಿ ಕೂತಿರ್ತೀನಿ. ನಿಂಗೆ ಗೊತ್ತೇ ಆಗಕಿಲ್ಲ.”

“ಬೇಡಪ್ಪ” ಅಂದೆ.

“ಯಾಕೆ?”

ಅಪ್ಪ ಹಾಗೆ ಕೇಳಿದ ದನಿ, ‘ನಿಮ್ಮ ಬಸ್ಸು ಎಷ್ಟೊತ್ತಿಗೆ ಅಂತ ನಂಗೊತ್ತು’ ಅಂದ ಸುಧಾಕರನ ದನಿಯಂತೆಯೇ ಮೆಲ್ಲಗಿತ್ತು.