ರೇಶ್ಮಿ ಅರಿವಿ ಮ್ಯಾಲಿನ ನಾಡಿ

ಹುಬ್ಬಳ್ಳಿ
ತಾ. ೩-೨-೧೯೬೧, ಶುಕ್ರವಾರ

ಬೀದರದಾಗಿರೋ ನಮ್ಮ ಮನಿಯವ್ರಿಗೆ, ಜೈಭೀಮ.

ನಿಮ್ಮ ಆರಾಮ ಹೆಂಗೈತ್ರಿ? ಅಲ್ಲೀ ನೀರು ಹಿಡೀಲಿಲ್ಲ, ಹೊಟ್ಟಿ ಕೆಟ್ಟೈತಿ ಅಂತ ಬರದಿದ್ರಿ. ಖಾನಾವಳಿ ಊಟ ಬಿಟ್ಟು ಎರಡು ರೊಟ್ಟಿ ಬಡಕೊಳ್ಳಾಕ ಕಲೀರಿ, ಕೈ ಏನೂ ಸವದು ಹೋಗೂದಿಲ್ಲ. ಇಲ್ಲಿ ನಿಮ್ಮ ಅವ್ವ ಆರಾಮ ಅದಾಳ. ಮಣಕಾಲು ಹಿಡದಾವ ಅಂತಾಳ, ಆದ್ರ ಓಣ್ಯಾಗ ಯಾರ ಮನಿ ಜಗಳ ಹತ್ತಿದ್ರೂ ಎಲ್ಲಾರಕಿಂತ ಮೊದಲ ಹೋಗಿ ನಿಂತಿರ್ತಾಳ. ನನ್ನ ಸುದ್ದಿ ಬ್ಯಾರೆ ಐತಿ. ಮುಲ್ಕಿ ಪರೀಕ್ಷಾ ಪಾಸಾದಾಕಿ ಒಂದು ಕಾಗದ ಬರಿಯಾಕ ಇಷ್ಟು ತಡಾ ಯಾಕ ಅಂತ ಬೈಬ್ಯಾಡ್ರಿ. ಬರಿಯಾಕ ಕುಂತ್ರ ಸಾಕು, ಮೈ ಉರದು ಮತ್ತ ಪೆನ್ನು ಕೆಳಗಿಡ್ತಿದ್ದೆ.

ನೀವು ದೀಪಾವಳಿಗೆ ಬಂದು ಹೋದ ಮ್ಯಾಲ ನನ್ನ ಮುಟ್ಟು ನಿಂತೈತಿ. ನಡನಡುವ ಹೊಟ್ಟಿ ಹಿಡದಂಗ ನೋವೂ ಬರ್ತೈತಿ. ಹಿಂದ ಎರಡು ಸಲ ಹೊಟ್ಟ್ಯಾಗಿಂದು ನಿಲ್ಲಲಿಲ್ಲ, ನಿಮಗ ಗೊತ್ತೈತಿ. ಈ ಸಲ ಕೂಸೋ ರೋಗೋ ಅಂತ ಜೀವ ಕೈಯಾಗ ಹಿಡಕೊಂಡು ಕುಂತಾಕಿಗೆ ನೀವ ಬರದ್ರಿ: ಹೊಸಾ ದವಾಖಾನ್ಯಾಗ ನಾಡಿ ಪರೀಕ್ಷಾದ ಸಂಶೋಧನಾ ನಡದೈತಿ, ಮಠದ ಶಾಂತಯ್ಯ ವೈದ್ಯರು ಕುಂತಾರ, ಔಷಧ ಪುಕ್ಕಟೆ, ಹೋಗಿ ಹೆಸರು ಹಚ್ಚು. ವಿಜ್ಞಾನಕ್ಕ ಜಾತಿ ಇಲ್ಲ ಅಂತನೂ ಬರದಿದ್ರಿ. ಆ ಕಾಗದ ನನ್ನ ಪೆಟಿಗ್ಯಾಗ ಐತಿ. ಊರಿಗೆ ಬಂದಾಗ ನಿಮ್ಮ ಮುಂದ ಓದಿ ತೋರಸ್ತೇನಿ.

ಹೋದೆ. ಸಂಶೋಧನಾ ಮಾಡಾವ್ರು ಒಬ್ಬ ಮಿಲಿಟರಿ ಡಾಕ್ಟರು. ಲಡಾಯಿ ಟೈಮಿನ್ಯಾಗ ಕೊರಿಯಾ ದೇಶಕ್ಕ ಹೋಗಿದ್ರಂತ. ಅಲ್ಲಿ ಮುದುಕ ವೈದ್ಯರು ನಮ್ಮವ್ರಂಗ ಮೂರು ಬಳ್ಳು ಇಟ್ಟು ನಾಡಿ ಹಿಡದು ರೋಗ ಹೇಳೂದನ್ನ ನೋಡಿ ಬೆರಗಾಗಿ, ಇದು ಖರೇ ವಿದ್ಯಾನೋ ಕಣ್ಣಕಟ್ಟೋ, ನಮ್ಮೂರಾಗೂ ಪರೀಕ್ಷಾ ಮಾಡೂಣು ಅಂತ ಹೊಂಟಾರ. ನಡುವ ಒಂದು ಪಡದಾ. ಆ ಕಡಿ ವೈದ್ಯರು, ಈ ಕಡಿ ಬ್ಯಾನಿಯವ್ರು. ಮಾರಿ ಕಾಣಬಾರದು, ದನಿ ಕೇಳಬಾರದು, ಕೈ ಅಷ್ಟ ತೂರಸಬೇಕು. ಒಂದ ಕೈಯನ್ನ ಹೊಳ್ಳಿ ಮುಂದಿನ ವಾರ ತೋರಸ್ತಾರ, ಆಗೂ ಅದ ರೋಗ ಹೇಳಿದ್ರ ವಿದ್ಯಾ ಖರೇ. ಯಾರ ಕೈ ಅಂತ ಗುರತು ಸಿಗಬಾರದು, ಬಳಿ ತಗೀರಿ ಅಂದ್ರು. ನನ್ನ ಗಂಡ ಬೀದರದಾಗ ಗಟ್ಟಿಮುಟ್ಟಾಗಿ ಅದಾನ, ಬಳಿ ಯಾಕ ತಗೀಲಿ ಅಂದೆ. ಕಡೀಕ ಬಳಿ ಮ್ಯಾಲ ಹತ್ತಿ ಸುತ್ತಿದ್ರು. ದೊಡ್ಡವ್ರ ಮುಂದ ಎಡಗೈ ಚಾಚೂದು ಹೆಂಗಂತ ನಾಚಿಕಿ ಬಂತು, ಆದ್ರ ಹೆಂಗಸರಿಗೆ ಎಡಗೈ ನಾಡೀನ ನೋಡ್ತಾರಂತ, ಅದನ್ನ ಚಾಚಿದೆ.

ಸುಳ್ಳು ಹೇಳೂದಿಲ್ಲ, ಶಾಂತಯ್ಯನ ಕೈಗುಣ ದೊಡ್ಡದು. ಬಳ್ಳು ಒತ್ತಿ, ಸಡಿಲ ಬಿಟ್ಟು, ಮತ್ತ ಒತ್ತಿ, ಇದು ರೋಗ ಅಲ್ಲ, ಹೆಣ್ಣಮಗಳು ಬಸರಿ, ಮೈ ನಿತ್ರಾಣ ಐತಿ, ಹಾಲು ತುಪ್ಪ ಕೊಡ್ರಿ ಅಂದ್ರು. ನನ್ನ ಕಣ್ಣಾಗ ನೀರು ಬಂತ್ರೀ. ಡಾಕ್ಟರು ಖುಷಿಯಾಗಿ ಪಡದಾ ಸರಸಿದ್ರು. ಶಾಂತಯ್ಯ ನಕ್ಕೋತ, ಯಾರ ಮನಿ ಮಗಳವ್ವಾ ನೀನು ಅಂತ ಕೇಳಿದ್ರು. ಕೇಳಿದವ್ರಿಗೆ ತಲಿ ಎತ್ತಿ ಹೇಳು ಅಂತ ನೀವ ಕಲಿಸೀರಿ. ಹೆಸರು ಹೇಳಿದೆ, ಓಣಿ ಹೇಳಿದೆ.

ಹಿಡಕೊಂಡಿದ್ದ ಕೈಯನ್ನ ಅಂವ ಒಗದ ರೀತಿ ನೀವು ನೋಡಬೇಕಿತ್ತು. ಚಾದಾಗ ಬಿದ್ದ ನೊಣಾನೂ ಹಂಗ ಒಗಿಯೂದಿಲ್ಲ. ನೀರು ತರ್ರಿ ಅಂದ, ಅರಿಷಿಣ ತರ್ರಿ ಅಂದ, ಮನಿಗೆ ಹೋಗಿ ಜಳಕಾ ಮಾಡಬೇಕು ಅಂತ ಎದ್ದ ಹೋದ. ಹೇಳೂದು ಪುರಾಣ, ತಿನ್ನೂದು ಬದನಿಕಾಯಿ. ಅಂವ ಉಟ್ಟಿದ್ದು ಗರಗದ ಖಾದಿ ಧೋತರ. ನನ್ನ ತವರುಮನಿಯವ್ರು ಗರಗದಾಗ ನೂಲು ತಗೀತಾರ. ಆ ಧೋತರದಾಗ ನಮ್ಮವ್ವನ ಕೈ ನೂಲು ಎಷ್ಟು ಐತೋ ಯಾರಿಗೆ ಗೊತ್ತು. ಅದು ಮೈಗೆ ಸುತಕೊಂಡ್ರ ಮೈಲಿಗಿ ಇಲ್ಲ, ನನ್ನ ಕೈ ಹಿಡದ್ರ ಮೈಲಿಗಿ. ಥೂ, ಎಂಥಾ ಹೊಲಸು ಮನಸ್ಸು. ಅಂವಗ ನನ್ನ ಕಂಡು ಹೇಸಿಗಿ ಬಂತು, ನನಗ ಅಂವನ ಕಂಡು ಅದರ ಹತ್ತು ಪಟ್ಟು ಹೇಸಿಗಿ ಬಂತು.

ಮುಂದಿನ ವಾರ ಹೋದ್ರ ದವಾಖಾನಿ ಆಳುಗಳು ನಮ್ಮ ಜನದವ್ರ ಮುಂಗೈಗೆಲ್ಲಾ ಒಂದೊಂದು ಕೆಂಪು ದಾರ ಕಟ್ಟಿದ್ರು. ಯಾಕಂತ ಕೇಳಿದ್ರ ಎಣಕಿಗೆ ಅಂದ್ರು. ದಾರ ಕಂಡ ಕೂಡಲೆ ಆ ಕಡಿಯಿಂದ ಒಂದು ರೇಶ್ಮಿ ಅರಿವಿ ಕೈ ಮ್ಯಾಲ ಬೀಳ್ತಿತ್ತು, ರೇಶ್ಮಿಗೆ ಮೈಲಿಗಿ ಹತ್ತೂದಿಲ್ಲಂತ. ಅದರ ಮ್ಯಾಲ ಬಳ್ಳು ಇಟ್ಟನೋ ಇಲ್ಲೋ ನನಗ ಗೊತ್ತಾಗಲಿಲ್ಲ, ಹತ್ತಿ ಸುತ್ತಿದ ಬಳಿ ಕಂಡ ನನ್ನ ಗುರತು ಹಿಡದಿರಬೇಕು, ಅಷ್ಟರಾಗ, ಇದು ಬಸರಲ್ಲ, ಗುಲ್ಮ, ಹೊಟ್ಟ್ಯಾಗ ರಕ್ತದ ಗಂಟು, ಇಳಸಾಕ ಕಷಾಯ ಕೊಡ್ರಿ ಅಂದ. ಹೋದ ವಾರ ಇದ ಕೈಗೆ ಬಸರಿ ಅಂದಿದ್ರಲ್ಲ ಅಂತ ಡಾಕ್ಟರು ಕೇಳಿದ್ರ, ಆ ಕೈ ಈಕಿದಲ್ಲ, ಬ್ಯಾರೆ ಯಾರದೋ, ಪಡದಾದಾಗ ಅದಲಿಬದಲಿ ಆಗೈತಿ ಅಂದ. ಯಾಕಂತ ನನಗ ತಿಳೀತು. ಮತ್ತ ಬಸರಿ ಅಂದ್ರ ಮೊದಲ ಬರಿಗೈಲೆ ಹಿಡದದ್ದು ನನ್ನ ಕೈ ಅಂತ ಮಠದ ಮಂದಿ ಮುಂದ ಒಪ್ಪಿದಂಗ ಆಗ್ತೈತಿ. ಅಂವನ ಮಡಿ ಉಳೀಲಿ ಅಂತ ನನ್ನ ಕೂಸು ಗಂಟಾತು.

ಡಾಕ್ಟರ ಹತ್ತರ ಹೋಗಿ, ನೀವರ ಹೊಟ್ಟಿ ಮುಟ್ಟಿ ನೋಡ್ರಿ, ಕೂಸಿದ್ರ ಈ ಕಷಾಯಕ್ಕ ಉಳೀತೈತೇನು ಅಂತ ಕೇಳಿದೆ. ಸಂಶೋಧನಾ ಮುಗಿಯೂತನಕ ನಾನು ಮುಟ್ಟಿದ್ರ ಪರೀಕ್ಷಾ ಕೆಡ್ತೈತವ್ವಾ, ನಿನ್ನ ಮನಸ್ಸಿಗೆ ಬಂದ್ರ ಕುಡಿ, ಇಲ್ಲಂದ್ರ ಬಿಡು ಅಂತ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ರು. ಕೆಂಪು ದಾರ ಕಟ್ಟಿದ್ರ ಪರೀಕ್ಷಾ ಕೆಡಲಿಲ್ಲ, ರೇಶ್ಮಿ ಹಾಸಿದ್ರ ಕೆಡಲಿಲ್ಲ, ಒಂದು ಬಡಜೀವ ಮುಟ್ಟಿದ್ರ ಕೆಡ್ತೈತಿ. ಕೊರಿಯಾತನಕ ಹೋಗಿ ಬಂದ ಮನಷ್ಯಾ, ಒಂದು ಅರಿವಿ ಸರಸಾಕ ಧೈರ್ಯ ಆಗಲಿಲ್ಲ.

ಕಷಾಯದ ಗಡಿಗಿ ಈಗ ಅಡಗಿಮನ್ಯಾಗ ಕುಂತೈತಿ. ನಿಮ್ಮ ಅವ್ವ ಕುಡಿ ಅಂತ ಬೆನ್ನು ಹತ್ಯಾಳ. ಶಾಂತಯ್ಯನ ಮಾತು ಸುಳ್ಳಾಗೂದಿಲ್ಲಂತ, ಗಂಟು ಬೆಳದು ನಾನು ಸತ್ರ ಮಗನಿಗೆ ಏನಂತ ಹೇಳಲಿ ಅಂತಾಳ. ಕಡೀಕ ನಿಮ್ಮ ಒಪ್ಪಿಗಿ ಬರೂತನಕ ತಡೀತೇನಿ ಅಂದಾಳ. ಅದಕ್ಕ ಕೇಳಾಕತ್ತೇನಿ. ಹೆಸರು ಹಚ್ಚು ಅಂದಾವ್ರು ನೀವು, ಏನು ಮಾಡ್ಲಿ ಹೇಳ್ರಿ.

ಚಳಿ ಇನ್ನೂ ಐತಿ, ಕಂಬಳಿ ಹೊಚ್ಚಿಕೊಂಡು ಮಲಗ್ರಿ. ಅವ್ವ ನಿಮಗ ಆಶೀರ್ವಾದ ಹೇಳ್ಯಾಳ. ನನ್ನ ಸಿಟ್ಟು ಅರ್ಧಾ ನಿಮ್ಮ ಮ್ಯಾಲೂ ಐತಿ, ಮಾಯಾ-ಮಮತಾ ಮಾತ್ರ ಪೂರಾ ಐತಿ.

ನಿಮ್ಮ
ದುರಗವ್ವ

ತಾ.ಕ.: ಕಾಗದ ಮಡಚೂದರಾಗ ಮನಸ್ಸು ತಡೀಲಿಲ್ಲ. ನಿಮ್ಮ ಒಪ್ಪಿಗಿ ದಾರಿ ಕಾಯಲಿಲ್ಲ, ಗಡಿಗಿ ಎತ್ತಿ ಗಟಾರಕ್ಕ ಸುರವಿ ಬಂದೆ. ಅವ್ವ ಬಾಯಿ ಮಾಡ್ತಾಳ ಅನಕೊಂಡಿದ್ದೆ. ಆಕಿ ಗಟಾರದ ಹತ್ತರ ಬಗ್ಗಿ ವಾಸನಿ ನೋಡಿ, ಹೊಸ್ತಲ ಮ್ಯಾಲ ಕುಂತು ಒಂದು ಮಾತು ಹೇಳಿದ್ಲು. ಹಿಂದಿನ ಎರಡೂ ಬಸರಿನ್ಯಾಗ ನನಗ ಹೊಟ್ಟಿನೋವು ಬಂದಾಗ ನಿಮಗ ಗೊತ್ತಾಗದಂಗ ಶಾಂತಯ್ಯನ ಕಟ್ಟಿ ಕೆಳಗ ನಿಂತು ಕೇಳಿ, ಅಂವ ಮ್ಯಾಲಿಂದ ಒಗದ ಪುಡಿ ತಂದು, ಬೆಲ್ಲದಾಗ ಕಲಸಿ ನನಗ ತಿನ್ನಿಸಿದ್ಲಂತ. ಅದಕ್ಕೂ ಇದ ವಾಸನಿ ಇತ್ತು ಅಂದ್ಲು. ನೀವು ಬರಿಯೂವಾಗ ಆಕಿಗೆ ಏನೂ ಅನ್ನಬ್ಯಾಡ್ರಿ, ನಾನೂ ಅಂದಿಲ್ಲ. ನಾಳೆ ಮುಂಜಾನೆ ಇಬ್ಬರೂ ಕೂಡಿ ಸರಕಾರಿ ದವಾಖಾನಿ ಲೇಡಿ ಡಾಕ್ಟರ ಹತ್ತರ ಹೊಂಟೇವಿ.