ಆರು ಕೈಪಂಪಿನ ಪಾಪ ನನ್ನದು

ಊರಿನ ಕಟ್ಟಡಗಳ ಹಣೆಬರಹ ಬರೆಯುವ ಯೋಜನಾಧಿಕಾರಿಗಳೇ,

ಮಾನ್ಯರೇ, ನಮ್ಮ ಥಾರ್ನ್‌ಕ್ಲಫ್‌ನ ‘ಡ್ರೋವರ್ಸ್ ರೆಸ್ಟ್’ ಪಬ್ಬನ್ನು ನಾಲ್ಕು ಫ್ಲಾಟುಗಳಾಗಿ ಮಾಡಲು ಅದರ ಮಾಲೀಕ ಕಂಪನಿ ನಿಮ್ಮ ಅನುಮತಿ ಕೇಳಿದೆ. ಗಿರಾಕಿಗಳಿಲ್ಲ, ಬಿಯರ್ ಚೆನ್ನಾಗಿಲ್ಲ ಎಂಬುದು ಅವರ ವಾದ. ಎರಡೂ ನಿಜ. ಆದರೆ ಅದಕ್ಕೆ ಹೊಣೆ ಪಬ್ಬು ನಡೆಸುವ ಬೆರಿಲ್ ಆಕ್ರಾಯ್ಡ್ ಅಲ್ಲ. ಪಬ್ಬುಗಳನ್ನು ಉಳಿಸಲೆಂದೇ ಹುಟ್ಟಿದ ನಮ್ಮ ಸಾಂಪ್ರದಾಯಿಕ ಬಿಯರ್ ಗ್ರಾಹಕರ ಸಂಘವೇ ಹೊಣೆ. ಇನ್ನೂ ನೇರವಾಗಿ ಹೇಳುವುದಾದರೆ, ಅದರ ಕಾರ್ಯದರ್ಶಿಯಾದ ನಾನು.

ಕಡತಗಳ ಮಧ್ಯೆ ಮುಳುಗಿರುವ ತಮಗೆ ಬಿಯರ್ ಎಂದರೆ ಡಬ್ಬಿಯಲ್ಲಿ ಬರುವ ತಣ್ಣಗಿನ ನೊರೆನೀರು ಎಂಬ ಕಲ್ಪನೆಯಿದ್ದರೆ ತಪ್ಪೇನಿಲ್ಲ. ನಮ್ಮ ಬಿಯರ್ ಬೇರೆ. ಅದು ಪೀಪಾಯಿಯೊಳಗೆ ಇನ್ನೂ ಜೀವಂತವಾಗಿರುತ್ತದೆ. ಒಮ್ಮೆ ಪೀಪಾಯಿ ತೆರೆದರೆ ಗಾಳಿ ಒಳಹೋಗುತ್ತದೆ; ಎರಡು ಮೂರು ದಿನದಲ್ಲಿ ಖಾಲಿಯಾಗದಿದ್ದರೆ ಹುಳಿಯಾಗುತ್ತದೆ. ಸಂಘದ ಹೊಸ ಸದಸ್ಯರಿಗೆ ಈ ಮೊದಲ ಪಾಠ ಹೇಳಿಕೊಡುವವನು ಯಾರು ಅಂದುಕೊಂಡಿರಿ? ನಾನೇ.

ಬೆರಿಲ್ ಅವರ ಪಬ್ಬಿನಲ್ಲಿ ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಎತ್ತುವ ಕೈಪಂಪು ಇದ್ದದ್ದು ಎರಡೇ, ಪಂಪಿಗೊಂದು ಪೀಪಾಯಿ. ಮೂಲೆಯ ಮೇಜಿನಲ್ಲಿ ಡಾಮಿನೋ ಆಡುವ ಮುದುಕರೇ ಎರಡೂ ಪೀಪಾಯಿಗಳನ್ನು ಹೆಚ್ಚುಕಮ್ಮಿ ಮುಗಿಸುತ್ತಿದ್ದರು. ಬಿಯರ್ ಬಹಳ ಚೆನ್ನಾಗಿತ್ತು. ನಮಗೆ ಅಷ್ಟು ಸಾಲದೇ ಹೋಯಿತು. ಎದೆಗೆ ಸಂಘದ ಬಿಲ್ಲೆ ಚುಚ್ಚಿಕೊಂಡು ಹೋಗಿ, ಗ್ರಾಹಕನಿಗೆ ಆಯ್ಕೆ ಬೇಕು, ಆರು ಪಂಪು ಹಾಕಿದರೆ ಜನ ಹುಡುಕಿಕೊಂಡು ಬರುತ್ತಾರೆ ಎಂದು ಭಾಷಣ ಬಿಗಿದೆ.

“ಆರು ಬಿಯರಾ?” ಡಾಮಿನೋ ಮೇಜಿನಿಂದ ಹೆಡ್ಲಿ ಕೂಗಿದ. “ದೇವ್ರು ನಂಗೆ ಕೊಟ್ಟಿರೋದು ಒಂದೇ ಬಾಯಿ ಕಣೋ ಆಲ್ವಿನ್!”

“ನೀನ್ ಸುಮ್ನಿರೋ ಹೆಡ್ಲಿ, ತಿಳ್ಕೊಂಡೋರು ಹೇಳ್ತಿದಾರೆ,” ಬೆರಿಲ್ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೂ ಅಷ್ಟೊಂದು ಬಿಯರ್ ಖರ್ಚಾಗತ್ತೇನಪ್ಪಾ?” ಎಂದರು.

“ಅದು ನಮ್ ಜವಾಬ್ದಾರಿ ಬಿಡಿ ಬೆರಿಲ್,” ಎಂದೆ.

ಬೆರಿಲ್ ನನ್ನ ಮಾತು ನಂಬಿ ಆರು ಪಂಪು ಹಾಕಿಸಿದರು. ಆ ಜವಾಬ್ದಾರಿಯನ್ನು ನಾವು ಹೊತ್ತ ಚಂದ ಕೇಳಿ. ತಿಂಗಳಿಗೊಮ್ಮೆ ಏಳೆಂಟು ಮಂದಿ ಬಂದೆವು. ಅರ್ಧರ್ಧ ಲೋಟ ತೆಗೆದುಕೊಂಡು, ಮೂಸಿ, ಬೆಳಕಿಗೆ ಹಿಡಿದು, ನಾಲಿಗೆ ಚಪ್ಪರಿಸಿ, ಅಂಕ ಕೊಟ್ಟು ಮುಂದಿನ ಪಬ್ಬಿಗೆ ಹೊರಟೆವು. ಉಳಿದ ದಿನಗಳಲ್ಲಿ ನಾನು ಮನೆಯಲ್ಲೇ ಸೂಪರ್‌ಮಾರ್ಕೆಟಿನ ಬಾಟಲಿ ಬಿಚ್ಚಿಕೊಂಡು ಪಬ್ಬುಗಳ ಅವನತಿಯ ಬಗ್ಗೆ ಲೇಖನ ಬರೆಯುತ್ತಿದ್ದೆ. ಕುಡಿಯುವವರು ಅಷ್ಟೇ ಮಂದಿ, ಪೀಪಾಯಿ ಮಾತ್ರ ಆರು. ಒಂದೊಂದೂ ವಾರಗಟ್ಟಲೆ ಕೂತು ಹುಳಿಯಾಯಿತು. ಪಾಪ, ಹೆಡ್ಲಿ ಮತ್ತವನ ಗೆಳೆಯರು ಎಷ್ಟು ದಿನ ಮುಖ ಕಿವುಚಿಕೊಂಡು ಕುಡಿದಾರು? ಡಾಮಿನೋ ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋದರು. ಆಗ ನಾವು ನಮ್ಮ ಘನ ಕರ್ತವ್ಯವನ್ನು ನೆರವೇರಿಸಿದೆವು: ಬಿಯರ್ ಕೆಟ್ಟಿದೆಯೆಂದು ಪಬ್ಬನ್ನು, ಒಳ್ಳೆಯ ಪಬ್ಬುಗಳ ಪಟ್ಟಿಯಿರುವ ನಮ್ಮ ಕೈಪಿಡಿಯಿಂದ ತೆಗೆದುಹಾಕಿದೆವು. ಕಂಪನಿ ಈಗ ತಮ್ಮ ಮುಂದೆ ಹಿಡಿದಿರುವ ದೊಡ್ಡ ಸಾಕ್ಷಿ ಅದೇ. ಎಷ್ಟು ನಿಷ್ಪಕ್ಷಪಾತವಾದ ಸಾಕ್ಷಿ ನೋಡಿ!

ತಮ್ಮ ಕಚೇರಿಯ ನೋಟಿಸು ಬಾಗಿಲಿಗೆ ಬಿದ್ದ ದಿನ ಅಲ್ಲಿಗೆ ಹೋಗಿದ್ದೆ. ಬೆರಿಲ್ ಒಬ್ಬರೇ ಇದ್ದರು. ಮಹಡಿಯ ಮೇಲಿನ ಎರಡು ಕೋಣೆಯೇ ಅವರ ಮನೆ. ಪಬ್ಬು ಹೋದರೆ ಅದೂ ಹೋಯಿತು.

“ನನ್ ಕೈಲೇ ಏನೋ ಎಡವಟ್ಟಾಗಿದೆ ಆಲ್ವಿನ್,” ಎಂದರು. “ಪೈಪು ತೊಳ್ದೆ, ನೆಲಮಾಳಿಗೆ ಉಜ್ಜಿ ಉಜ್ಜಿ ತೊಳ್ದೆ, ಆದ್ರೂ ಹುಳಿ. ವಯಸ್ಸಾಯ್ತಲ್ಲ, ಕೈಗುಣ ಹೋಯ್ತು ಅನ್ಸತ್ತೆ.”

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. “ಹೋರಾಟ ಮಾಡೋಣ ಬೆರಿಲ್,” ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದರು. ನಾಚಿಕೆಯಾಗುತ್ತದೆ ಮಾನ್ಯರೇ, ಆ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯವೂ ನನಗೆ ಬರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಈ ಅರ್ಜಿಯನ್ನು ತಿರಸ್ಕರಿಸಿ. ಅಷ್ಟು ಸಾಧ್ಯವಿಲ್ಲವಾದರೆ ಒಂದು ವರ್ಷ ತಡೆಹಿಡಿಯಿರಿ. ನಾಲ್ಕು ಪಂಪು ತೆಗೆಸುವ ಖರ್ಚು ನನ್ನದು. ಹೆಡ್ಲಿಯ ಕಾಲು ಹಿಡಿದಾದರೂ ಡಾಮಿನೋ ಮೇಜಿಗೆ ವಾಪಸ್ ಕರೆತರುತ್ತೇನೆ, ಜೊತೆಗೆ ನಾನೂ ಕೂರುತ್ತೇನೆ. ಒಬ್ಬನ ತಪ್ಪಿಗೆ ಇನ್ನೊಬ್ಬರ ಮನೆ ಹೋಗುವುದಕ್ಕೆ ತಮ್ಮ ಮೊಹರು ಬೀಳದಿರಲಿ.

ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು ಪಬ್ಬಿಗೆ ಹೋಗಿ ಬೆರಿಲ್ ಅವರಿಗೆ ಓದಿ ಹೇಳುತ್ತೇನೆ. ತಾವು ಏನೇ ತೀರ್ಮಾನಿಸಿ, ಅವರ ಕೈಗುಣ ಎಲ್ಲಿಗೂ ಹೋಗಿಲ್ಲವೆಂದು ಅವರಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ಆಮೇಲೆ ಅವರು ನನ್ನನ್ನು ಹೊರಗೆ ಹಾಕಿದರೆ, ಅದಕ್ಕೆ ನನ್ನ ತಕರಾರಿಲ್ಲ.

ಇಂತಿ,
ಉಳಿಸಲು ಹೋಗಿ ಹುಳಿ ಹಿಂಡಿ ಬಂದ
ಆಲ್ವಿನ್ ಹೋಲ್ಡ್ಸ್‌ವರ್ತ್
(ಬಿಲ್ಲೆಯನ್ನು ಸಂಘಕ್ಕೆ ಹಿಂದಿರುಗಿಸಿದ್ದೇನೆ)